ಕಂಡಕ್ಟರರ ಬೆಂಕಿಗೂಡು

ನವೆಂಬರ್ 9, ಭಾನುವಾರ

ಈ ಪುಸ್ತಕದಲ್ಲಿ ಇದುವರೆಗೆ ಅಳತೆ ಬಿಟ್ಟು ಬೇರೇನೂ ಬರೆದವನಲ್ಲ ನಾನು. ಹಿಂದಿನ ಪುಟದಲ್ಲಿ ಗೋಡೆಯ ಉದ್ದ, ಅದರ ಹಿಂದಿನದರಲ್ಲಿ ಇಟ್ಟಿಗೆ ಎಷ್ಟು ಬೇಕೆಂಬುದು. ಇವತ್ತಿನಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು ಎಂದುಕೊಂಡಿದ್ದೇನೆ. ನಾಳೆ ಯಾರಾದರೂ ಕೇಳಿದರೆ ತಡವರಿಸಬಾರದು, ಅಷ್ಟಕ್ಕೆ.

ಮೊನ್ನೆ ಶುಕ್ರವಾರ ಮಧ್ಯಾಹ್ನ ನಮ್ಮ ಗಿರಾಕಿಯೊಬ್ಬರು ತೀರಿಕೊಂಡರು. ನಿವೃತ್ತ ಬಸ್ ಕಂಡಕ್ಟರ್. ಮೂರು ವಾರದ ಹಿಂದೆ ಅವರ ಮನೆಯ ಮುಂದಿನ ಕೋಣೆಯಲ್ಲಿ ಚಳಿ ಕಾಯಿಸಲು ಗೋಡೆಯೊಳಗೆ ನಾನೊಂದು ಬೆಂಕಿಗೂಡು ಕಟ್ಟಿಕೊಟ್ಟಿದ್ದೆ. ಅದರೆದುರು ಕುರ್ಚಿಯಲ್ಲಿ ಕೂತವರು ಕೂತಲ್ಲೇ ಹೋಗಿದ್ದಾರೆ. ಎದೆ ನಿಂತಿರಬೇಕು ಎಂದು ಮೊದಲು ಎಲ್ಲರೂ ಅಂದರಂತೆ. ಆಸ್ಪತ್ರೆಯವರು ಹಾಗಲ್ಲ, ಇದ್ದಿಲಿನ ವಿಷಗಾಳಿ ಒಳಗೆ ಹೋಗಿದೆ ಎಂದಿದ್ದಾರೆ. ಕೋಣೆಗೆ ಬೀಗ ಹಾಕಿ ಮುದ್ರೆ ಒತ್ತಿದ್ದಾರೆ. ಕಟ್ಟಡ ಇಲಾಖೆಯವರು ಬಂದು ಹೊಗೆಗೂಡನ್ನು ಬಿಚ್ಚಿ ನೋಡುತ್ತಾರಂತೆ.

ನೋಡಲಿ. ಇಪ್ಪತ್ತೇಳು ವರ್ಷದಲ್ಲಿ ನಲವತ್ತೊಂದು ಬೆಂಕಿಗೂಡು ಕಟ್ಟಿದ್ದೇನೆ, ಒಂದರಲ್ಲೂ ಹೊಗೆ ಹಿಂದಕ್ಕೆ ಬಂದದ್ದಿಲ್ಲ. ಬಾಯಿ ಮೂರಡಿ ಅಗಲ, ಎರಡೂವರೆ ಅಡಿ ಎತ್ತರ. ಹೊಗೆಗೂಡು ಒಳಗಡೆ ಒಂಬತ್ತು ಅಂಗುಲ ಚೌಕ, ಸೂರಿನಿಂದ ಮೇಲಕ್ಕೆ ಮೂರಡಿ. ಎಲ್ಲ ಈ ಪುಸ್ತಕದಲ್ಲೇ ಇದೆ. ಯಾರು ಬೇಕಾದರೂ ಟೇಪು ಹಿಡಿಯಲಿ.

ಕಿಟಕಿ ಬಾಗಿಲು ಮುಚ್ಚಿಕೊಂಡು ಇದ್ದಿಲು ಉರಿಸಿದರೆ ಯಾರು ತಾನೆ ಏನು ಮಾಡಲಾದೀತು? ಗಿರಾಕಿ ಬೆರಳು ಕೊಯ್ದುಕೊಂಡರೆ ಕತ್ತಿ ಮಾಡಿಕೊಟ್ಟ ಕಮ್ಮಾರನನ್ನು ಹಿಡಿಯುತ್ತಾರೆಯೇ?

ಹೆಂಡತಿ ಊಟಕ್ಕೆ ಕರೆದಳು. "ಏನ್ರೀ, ಭಾನುವಾರನೂ ಅಳತೆನಾ?" ಅಂದಳು. ಹೌದು ಅಂದೆ.

ನವೆಂಬರ್ 11, ಮಂಗಳವಾರ

ಸಾವಿನ ಮನೆಗೆ ಹೋಗಿ ಬಂದೆ. ಹೋಗದಿದ್ದರೆ ಜನ ಇಲ್ಲದ್ದನ್ನು ಆಡಿಕೊಳ್ಳುತ್ತಾರೆ.

ಹಿಂದುಗಡೆ ಗೋಡೆಗೆ ಒರಗಿ ನಿಂತಿದ್ದೆ. ಕಂಡಕ್ಟರರ ಹೆಂಡತಿ ನನ್ನನ್ನು ಅಷ್ಟು ದೂರದಿಂದಲೇ ಕಂಡು, ಪಕ್ಕದಲ್ಲಿದ್ದ ತಂಗಿಗೆ, "ಮೇಸ್ತ್ರಿ ಬಂದಿದಾರೆ ನೋಡು, ಕೂರೋಕೆ ಏನಾದ್ರೂ ಕೊಡು" ಅಂದರು. ಕಂಡಕ್ಟರರ ಹೆಂಡತಿ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಆ ಬೀದಿಯಲ್ಲಿ ಎಲ್ಲರೂ ನರ್ಸಮ್ಮ ಎನ್ನುತ್ತಾರೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕುರ್ಚಿ ಕೊಡಿಸಿದರು. ಆ ಕುರ್ಚಿಯಲ್ಲಿ ಅರ್ಧ ಗಂಟೆ ಕೂತಿದ್ದೆ, ಸುಣ್ಣದ ನೀರಿನಲ್ಲಿ ಕೂತ ಹಾಗಿತ್ತು.

ಕಂಡಕ್ಟರ್ ಒಳ್ಳೆಯವರು. ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಕೆಲಸ ಒಪ್ಪಿಸಲು ಬಂದ ಮೊದಲ ದಿನವೇ ಕತೆ ಹೇಳಿದ್ದರು. ಹದಿನಾಲ್ಕು ವರ್ಷ ಒಂದೇ ರೂಟಿನ ಬಸ್ಸಿನಲ್ಲಿದ್ದರಂತೆ. ಸಂಜೆ ಟ್ರಿಪ್ಪಿನಲ್ಲಿ ಒಂದು ಸ್ಟಾಪು, ಸರಿಯಾಗಿ ಒಂದು ದೊಡ್ಡ ಮನೆಯ ಕಿಟಕಿಯ ಎದುರಿಗೆ. ಚಳಿಗಾಲ ಬಂತೆಂದರೆ ಆ ಕಿಟಕಿಯಲ್ಲಿ ಬೆಂಕಿ ಕಾಣುತ್ತಿತ್ತು. ಅದರ ಸುತ್ತ ಕುರ್ಚಿಗಳು, ಗೂಡಿನ ಬಾಯಿಯ ಮೇಲೆ ಅಡ್ಡ ಕೂರಿಸಿದ ಮೇಲುಹಲಗೆಯ ಮೇಲೆ ಒಂದು ಸಾಲು ಫೋಟೋ. "ಎರಡು ನಿಮಿಷ ನಿಲ್ಲೋದು ಮೇಸ್ತ್ರಿ. ಆ ಎರಡು ನಿಮಿಷ ನಾನು ಆ ಮನೇಲಿ ಬಾಡಿಗೆ ಇಲ್ದೆ ಇರ್ತಿದ್ದೆ. ಆಮೇಲೆ ರೈಟ್ ಅಂತ ಹೇಳಿ ಹೊರಡೋದು" ಎಂದು ನಕ್ಕಿದ್ದರು.

ಮೇಲುಹಲಗೆಗೆ ಹಳೆಯ ಮರವೇ ಬೇಕು ಎಂದು ಹಟ ಹಿಡಿದು, ಮುರಿದ ಮನೆಯೊಂದರ ತೊಲೆ ತಂದಿದ್ದರು. ಬೆಂಕಿಗೂಡು ಎಂದರೆ ಜನಕ್ಕೆ ಬೆಂಕಿಗಿಂತ ಮೇಲುಹಲಗೆಯ ಮೇಲೇ ಕಣ್ಣು. ಒಳಗೆ ಹೊಗೆ ಎತ್ತ ಹೋಗುತ್ತದೆ ಎಂದು ಒಬ್ಬನೂ ಕೇಳುವುದಿಲ್ಲ. ಅದು ನಮ್ಮ ತಲೆನೋವು.

ನವೆಂಬರ್ 14, ಶುಕ್ರವಾರ

ಏಣಿ ಬಂದಿದ್ದ. ನನ್ನ ಹೆಂಡತಿಯ ತಮ್ಮ. ಆರಡಿ ದಾಟಿದ ಆಳು, ಅದಕ್ಕೇ ಆ ಹೆಸರು. ಇಬ್ಬರು ಹೆಣ್ಣುಮಕ್ಕಳ ತಂದೆ. ಹದಿನೈದು ವರ್ಷದಿಂದ ನನ್ನ ಜೊತೆ ಗಾರೆ ಕೆಲಸ ಮಾಡುತ್ತಿದ್ದಾನೆ. ಕೂತುಕೊಳ್ಳಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದ.

"ಭಾವ, ಆ ಗೋಣಿಚೀಲ ತೆಗೆದಿದ್ವಾ?"

ಹೊಗೆಗೂಡು ಕಟ್ಟುವಾಗ ಅದರ ಕತ್ತಿನಲ್ಲಿ ಹುಲ್ಲು ತುಂಬಿದ ಗೋಣಿಚೀಲ ತುರುಕುತ್ತೇವೆ. ಮೇಲಿನಿಂದ ಬೀಳುವ ಗಾರೆ ಕೆಳಗೆ ಸೇರದಿರಲಿ ಎಂದು. ಕೆಲಸ ಮುಗಿದ ಮೇಲೆ ಕೆಳಗಿನಿಂದ ಕೈ ಹಾಕಿ ಎಳೆದು ತೆಗೆಯುವುದು. ಸಣ್ಣ ಕೆಲಸ. ಒಂದು ನಿಮಿಷ ಸಾಕು.

"ನೀನು ತೆಗೆದಿಲ್ವಾ?" ಅಂದೆ.

"ನೀವು ತೆಗೆದಿರ್ತೀರಿ ಅಂದ್ಕೊಂಡೆ."

"ನಿನಗೆ ಹೇಳಿದ್ದೆನಲ್ಲೋ! ಕೊನೇ ದಿನ ಹೇಳಿದ್ದೆ, ಚೀಲ ಎಳೆದುಬಿಡು ಅಂತ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. "ಹೇಳಿದ್ರಾ?" ಅಂದ. ಹೌದು, ಹೇಳಿದ್ದೆ. ಅಕ್ಟೋಬರ್ ಹದಿನೆಂಟು, ಮೇಲುಹಲಗೆ ಕೂರಿಸಿದ ದಿನ. ಹಲಗೆ ಸಮ ಕೂತಿದೆಯೇ ಎಂದು ನಾನು ರಸಮಟ್ಟ ಇಟ್ಟು ನೋಡುತ್ತಿದ್ದೆ, ಅವನು ಪಕ್ಕದಲ್ಲಿ ಗಾರೆಯ ಬಾಂಡ್ಲಿ ತೊಳೆಯುತ್ತಿದ್ದ. ಚೆನ್ನಾಗಿ ನೆನಪಿದೆ. ಇಲ್ಲಿ ಬರೆದಿಟ್ಟಿದ್ದೇನೆ.

ನವೆಂಬರ್ 17, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ಚಳಿ.

ನವೆಂಬರ್ 19, ಬುಧವಾರ

ಹಲ್ಲಿನ ಡಾಕ್ಟರೊಬ್ಬರು ಹೊಸ ಮನೆಗೆ ಕರೆಸಿಕೊಂಡಿದ್ದರು. ಅವರಿಗೂ ಬೆಂಕಿಗೂಡು ಬೇಕು. ಕಂಡಕ್ಟರರ ಸುದ್ದಿ ಅವರಿಗೂ ಗೊತ್ತು. ಗೊತ್ತಿದ್ದೂ ಬೇಕು. ಮನುಷ್ಯನಿಗೆ ಇದೆಂಥ ಮೋಹವೋ!

"ಹೆದರಬೇಡಿ ಮೇಸ್ತ್ರಿ, ನಾವು ಬೆಂಕಿ ಹಾಕಲ್ಲ. ಒಳಗೊಂದು ದೀಪ ಇಡ್ತೀವಿ, ಉರಿಯೋ ಹಾಗೇ ಕಾಣುತ್ತೆ. ಹೊಗೆಗೂಡೇ ಬೇಡ. ಮುಂದಗಡೆ ಮಾತ್ರ ಜೋರಾಗಿರ್ಲಿ, ಬಿಳಿ ಕಲ್ಲಿನ ಕಂಬ, ಮೇಲೆ ಹಲಗೆ."

"ಬೆಂಕಿ ಹಾಕದಿದ್ದ ಮೇಲೆ ಯಾಕೆ ಸಾರ್?"

"ಮುಖ ಬೇಡ್ವಾ ಮೇಸ್ತ್ರಿ ಕೋಣೆಗೆ? ಬಂದವರು ಎತ್ತ ತಿರುಗಿ ಕೂರಬೇಕು?"

ಹಲ್ಲಿಲ್ಲದ ಬಾಯಿಗೆ ಹಲ್ಲಿನ ಸೆಟ್ಟು ಕೂರಿಸುವವರು, ಅವರಿಗೆ ಇದು ಸಹಜ ಎನ್ನಿಸಿ ನಗು ಬಂತು. ಎಷ್ಟೋ ದಿನದ ಮೇಲೆ. ಆದರೆ ಅವರ ಮಾತಿನಲ್ಲಿ ಸುಳ್ಳಿಲ್ಲ. ಬೆಂಕಿಗೂಡು ಇಲ್ಲದ ಕೋಣೆಯಲ್ಲಿ ಕುರ್ಚಿಗಳು ಗೋಡೆಗೆ ಬೆನ್ನು ಕೊಟ್ಟು, ಬಸ್ ನಿಲ್ದಾಣದಲ್ಲಿ ಕಾಯುವವರ ಹಾಗೆ ಇರುತ್ತವೆ. ನಾನು ಕಟ್ಟಿ ಮುಗಿಸಿದ ಮಾರನೆಯ ದಿನ ಹೋಗಿ ನೋಡಿದರೆ ಎಲ್ಲ ಕುರ್ಚಿಗಳೂ ಅದರತ್ತ ತಿರುಗಿರುತ್ತವೆ. ಬೆಂಕಿ ಹಚ್ಚುವ ಮೊದಲೇ. ನಲವತ್ತೊಂದು ಮನೆಯಲ್ಲೂ ಹಾಗೆ.

ಗೋಡೆಗೆ ಟೇಪು ಹಿಡಿದೆ. ಟೇಪಿನ ತುದಿ ನಿಲ್ಲಲಿಲ್ಲ. ಮೂರು ಸಲ ಹಿಡಿದೆ, ಮೂರು ಸಲ ಮೂರು ಅಳತೆ ಬಂತು. ಜ್ವರ ಬಂದ ಹಾಗಿದೆ ಎಂದು ಹೇಳಿ ಬಂದುಬಿಟ್ಟೆ.

ಕಂಡಕ್ಟರ್ ತಂದ ತೊಲೆಯಲ್ಲಿ ಹಳೆಯ ಮೊಳೆಗಳಿದ್ದವು. ಅವನ್ನೆಲ್ಲ ಅವರೇ ಕೂತು ಕಿತ್ತಿದ್ದರು, ಒಂದು ವಾರ. ಇದನ್ನು ಯಾಕೆ ಬರೆದೆನೋ ತಿಳಿಯದು. ವಿಷಯಕ್ಕೆ ಸಂಬಂಧವಿಲ್ಲ.

ನವೆಂಬರ್ 22, ಶನಿವಾರ

ಇಲಾಖೆಯವರು ನನ್ನನ್ನೂ ಏಣಿಯನ್ನೂ ಕರೆಸಿದ್ದರು. ತನಿಖೆಯ ಇಂಜಿನಿಯರ್ ಒಬ್ಬ ಹುಡುಗಿ, ಮೂವತ್ತರ ಒಳಗೆ. ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಅದರ ಮೇಲೆ ಗೋಣಿಚೀಲ ಇಟ್ಟಿದ್ದಳು. ಒಂದು ಮಗ್ಗುಲು ಕಪ್ಪಗಾಗಿತ್ತು. ಇನ್ನೊಂದು ಮಗ್ಗುಲಲ್ಲಿ ನನ್ನ ಗಾರೆ, ಒಣಗಿ ಕಲ್ಲಾಗಿತ್ತು.

"ಇದು ನಿಮ್ಮದೇನಾ?"

"ಹೌದು ಮೇಡಂ."

"ಕೆಲಸ ಮುಗಿದ ಮೇಲೆ ಒಂದು ಸಲ ಉರಿ ಹಾಕಿ ನೋಡ್ಲಿಲ್ವಾ?"

"ಗಾರೆ ಹಸಿ ಇತ್ತು. ಹತ್ತು ದಿನ ಬೆಂಕಿ ತೋರಿಸೋ ಹಾಗಿರಲಿಲ್ಲ."

"ಹತ್ತು ದಿನ ಆದ್ಮೇಲೆ?"

"ಅವರು ಕರೀಲಿಲ್ಲ."

ಅವಳು ಬರೆದುಕೊಂಡಳು. "ಅವರ ಫೋನಿಂದ ನಿಮಗೆ ಏಳು ಸಲ ಕರೆ ಹೋಗಿದೆ."

"ಹಲಗೆಗೆ ಯಾವ ಪಾಲಿಶ್ ಹೊಡೆಸ್ಬೇಕು ಅಂತ ಕೇಳ್ತಿದ್ರು ಮೇಡಂ. ಅವರಿಗೆ ಆ ಹಲಗೆ ಅಂದ್ರೆ ಪ್ರಾಣ."

ಅದು ನಿಜ. ಪಾಲಿಶ್ ವಿಷಯಕ್ಕೇ ಫೋನು ಮಾಡುತ್ತಿದ್ದರು. ಅವಳು ಮತ್ತೆ ಕೇಳಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ. ಎದ್ದು ನಿಲ್ಲುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು.

ಆಗ ಏಣಿ ಬಾಯಿ ಬಿಟ್ಟ. ಯಾರೂ ಅವನನ್ನು ಕೇಳಿರಲಿಲ್ಲ. "ಮೇಡಂ, ಚೀಲ ತೆಗೆಯೋ ಕೆಲಸ ನಂದು. ಭಾವ ಹೇಳಿದ್ರು. ನಾನೇ ಮರೆತೆ. ಅವರದ್ದೇನೂ ತಪ್ಪಿಲ್ಲ."

ಇಂಜಿನಿಯರ್ ನನ್ನ ಕಡೆ ತಿರುಗಿದಳು. ನಾನು ಗೋಣಿಚೀಲ ನೋಡುತ್ತಿದ್ದೆ.

ನವೆಂಬರ್ 24, ಸೋಮವಾರ

ಹೆಂಡತಿ ಎರಡು ದಿನದಿಂದ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಇವತ್ತು ಬಟ್ಟೆ ಮಡಚುತ್ತಾ ಕೂತವಳು, ತಲೆ ಎತ್ತದೆ ಕೇಳಿದಳು.

"ರೀ, ನೀವು ಅವನಿಗೆ ಹೇಳಿದ್ರಾ? ನಿಜವಾಗ್ಲೂ?"

"ಹೇಳಿದ್ದೆ ಕಣೇ."

"ಅವನು ಚಿಕ್ಕೋನಿದ್ದಾಗ್ಲಿಂದ ಹೀಗೇ. ನೀನೇ ಮಾಡಿದ್ದು ಅಂತ ಗಟ್ಟಿಯಾಗಿ ಯಾರಾದ್ರೂ ಅಂದ್ರೆ ಒಪ್ಪಿಕೊಂಡುಬಿಡ್ತಾನೆ. ನಮ್ಮಪ್ಪನ ಕೈಲಿ ಎಷ್ಟು ಏಟು ತಿಂದಿದಾನೋ, ನಾನು ಒಡೆದ ಪಾತ್ರೆಗೆ."

"ಹೇಳಿದ್ದೆ ಅಂದ್ನಲ್ಲ."

"ಸರಿ" ಅಂದಳು. ನನ್ನ ಅಂಗಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಹೇಳಿದ್ದೆ. ಹೇಳಿದ್ದೆ ಎಂದೇ ನನ್ನ ನೆನಪು.

ನವೆಂಬರ್ 27, ಗುರುವಾರ

ನರ್ಸಮ್ಮನ ಮನೆಗೆ ಹೋಗಿದ್ದೆ. ನನ್ನ ರಸಮಟ್ಟ ಅವರ ಹಿತ್ತಲಲ್ಲಿ ಉಳಿದಿತ್ತು, ಅದನ್ನು ತರುವ ನೆಪ. ನೆಪ ಯಾಕೆ ಬೇಕಿತ್ತು, ಹೋಗಿ ಏನು ಮಾಡಬೇಕೆಂದಿದ್ದೆ, ನನಗೇ ಗೊತ್ತಿರಲಿಲ್ಲ.

ಮುಂದಿನ ಕೋಣೆಗೆ ಇನ್ನೂ ಮುದ್ರೆ ಇದೆ. ಅವರು ಅಡುಗೆಮನೆಯಲ್ಲೇ ಇರುತ್ತಾರೆ. ನೆಲದ ಮೇಲೆ ಹಾಸಿಗೆ, ಕಿಟಕಿಯಲ್ಲಿ ಔಷಧಿಯ ಬಾಟಲಿ, ಬಾಚಣಿಗೆ, ಅವರ ಕನ್ನಡಕ. ಚಹಾ ಮಾಡಿಕೊಟ್ಟರು. ಕುಡಿಯುವುದೋ ಬೇಡವೋ ತಿಳಿಯದೆ ಲೋಟ ಹಿಡಿದುಕೊಂಡೇ ಇದ್ದೆ.

"ನಿಮ್ಮನೇಲೂ ಕಷ್ಟ ಅಂತೆ" ಅಂದರು. "ನಿಮ್ಮ ಭಾವಮೈದುನನ ಮೇಲೆ ಬಂದಿದೆಯಂತೆ. ಅವರು ಪಾಪ. ಮೇಸ್ತ್ರಿ, ನಾನು ಆ ಇಂಜಿನಿಯರ್ ಹುಡುಗಿಗೂ ಹೇಳಿದೆ. ಇದ್ದಿಲು ಹಚ್ಚಿಟ್ಟು ಹೋದೋಳು ನಾನು."

ನಾನು ಲೋಟ ಕೆಳಗಿಟ್ಟೆ.

"ಅವರಿಗೆ ನೆಗಡಿ, ಕೆಮ್ಮು. ಎರಡು ದಿನದಿಂದ ಮಳೆ ಬೇರೆ. ಹಿಂದಿನ ದಿನ ಸೌದೆ ಇಟ್ಟು ನೋಡಿದ್ವಿ, ಹೊಗೆಯೆಲ್ಲ ಒಳಗೇ ಬಂತು. ಇವರು ಯಾರನ್ನೋ ಕೇಳಿದ್ರು. ಇದ್ದಿಲಾದ್ರೆ ಹೊಗೆ ಬರಲ್ಲ, ಹಾಕು ಅಂದ್ರು. ಯಾರು ಹೇಳಿದ್ದು ಅಂತ ನಾನು ಕೇಳ್ಲಿಲ್ಲ. ಬೇಕಾಗೂ ಇಲ್ಲ. ಬೇರೆ ಯಾರಿಗೆ ಗೊತ್ತಿಲ್ದಿದ್ರೂ ನನಗೆ ಗೊತ್ತಿರ್ಬೇಕಿತ್ತಲ್ವಾ? ಮೂವತ್ತು ವರ್ಷ! ಇದ್ದಿಲಿನ ಗಾಳಿ ಕುಡಿದು ಬಂದೋರನ್ನ ನಾನೇ ಕೈಯಾರೆ ನೋಡ್ಕೊಂಡಿದೀನಿ. ಕೆನ್ನೆ ಕೆಂಪಗಿರುತ್ತೆ, ಆರೋಗ್ಯವಾಗಿರೋರ ಥರ. ಗೊತ್ತಿದ್ದೂ ಕಿಟಕಿ ಮುಚ್ಚಿದೆ, ಥಂಡಿ ಆಗ್ಬಾರ್ದು ಅಂತ. ಶಾಲು ಹೊದೆಸಿ, ಔಷಧಿ ತರ್ತೀನಿ ಅಂತ ಹೋದೆ. ಮಳೆ ಜೋರಾಯ್ತು, ತಂಗಿ ಮನೇಲಿ ಕೂತೆ."

ಅವರು ಅಳಲಿಲ್ಲ. ವಾರ್ಡಿನಲ್ಲಿ ಇನ್ನೊಬ್ಬ ನರ್ಸಿಗೆ ರೋಗಿಯ ವಿಷಯ ಒಪ್ಪಿಸುವ ಹಾಗೆ ಹೇಳಿದರು. "ತಂಗಿ ಮನೇಲಿ ನಗ್ತಾ ಕೂತಿದ್ದೆ ಮೇಸ್ತ್ರಿ" ಎಂದು ಕೊನೆಗೆ ಸೇರಿಸಿದರು.

ರಸಮಟ್ಟವನ್ನು ಅವರೇ ಒರೆಸಿ ತಂದುಕೊಟ್ಟರು. ಬೀದಿಯ ಕೊನೆಯವರೆಗೂ ಬಂದು, ಹಿಂದಿರುಗಿ, ಅವರ ಗೇಟಿನವರೆಗೆ ಹೋಗಿ, ಮತ್ತೆ ಬಂದೆ.

ಈಗ ಬರೆಯುತ್ತೇನೆ. ಇಲ್ಲಿಯವರೆಗೆ ಬರೆದಿರಲಿಲ್ಲ.

ಏಳು ಕರೆಗಳಲ್ಲಿ ಆರು ಪಾಲಿಶ್ ವಿಷಯಕ್ಕೆ. ಏಳನೆಯದು ನವೆಂಬರ್ ಏಳು, ಶುಕ್ರವಾರ, ಬೆಳಿಗ್ಗೆ. ನಾನು ಬೇರೆ ಮನೆಯ ಸಾರವೆಯ ಮೇಲೆ, ಎರಡನೇ ಮಹಡಿಯ ಎತ್ತರದಲ್ಲಿದ್ದೆ. ಒಂದು ಕೈಯಲ್ಲಿ ಕರಣೆ, ಕೆಳಗೆ ಕಲಸಿದ ಗಾರೆ ಗಟ್ಟಿಯಾಗುತ್ತಿತ್ತು. "ಮೇಸ್ತ್ರಿ, ಹೊಗೆ ಒಳಗೇ ಬರ್ತಾ ಇದೆ" ಅಂದರು. ಚೀಲದ ನೆನಪು ನನಗೆ ಬರಲೇ ಇಲ್ಲ. ಅದು ಬಂದಿದ್ದರೆ! "ಹೊಸದು ಸಾರ್, ಹೊಗೆಗೂಡು ತಣ್ಣಗಿರುತ್ತೆ. ಮೊದಲು ಬಿಸಿಯಾಗ್ಬೇಕು. ಎರಡು ದಿನ ಇದ್ದಿಲು ಹಾಕಿ ನೋಡಿ" ಅಂದೆ.

ಇದ್ದಿಲು ಹಾಕಿ ನೋಡಿ ಎಂದವನು ನಾನು.

ನವೆಂಬರ್ 29, ಶನಿವಾರ

ಮೊನ್ನೆ ಬರೆದ ಆ ಪುಟ ಹರಿಯಲು ಹೋದೆ. ಅದರ ಹಿಂಬದಿಯಲ್ಲಿ ಉಳಿಸಿಕೊಳ್ಳಬೇಕಾದ ಅಳತೆ ಒಂದೂ ಇಲ್ಲ. ಹರಿಯಬಹುದಿತ್ತು.

ಹರಿಯಲಿಲ್ಲ.

ಡಿಸೆಂಬರ್ 1, ಸೋಮವಾರ

ಏಣಿಗೆ ಇಲಾಖೆಯಿಂದ ಕಾಗದ ಬಂದಿದೆ. ಇನ್ನು ಕಟ್ಟಡದ ಕೆಲಸ ಮಾಡುವ ಹಾಗಿಲ್ಲ. ಅಲಕ್ಷ್ಯದಿಂದ ಪ್ರಾಣ ಹೋದದ್ದಕ್ಕೆ ಕೇಸು ನಡೆಯುತ್ತದೆ. ನನಗೆ ಎಚ್ಚರಿಕೆಯ ಪತ್ರ, ಅರ್ಧ ಪುಟ.

ಬೆಳಿಗ್ಗೆಯೇ ಬಂದ. ಕರಣೆ, ತೂಕದ ಗುಂಡು, ಉಳಿಗಳು, ಎಲ್ಲ ಒರೆಸಿ, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ತಂದಿದ್ದ. "ಎಲ್ಲ ನಿಮ್ಮದೇ ಭಾವ, ನೀವು ಕೊಡಿಸಿದ್ದು." ಮಾರುಕಟ್ಟೆಯಲ್ಲಿ ಮೂಟೆ ಇಳಿಸುವ ಕೆಲಸ ಕೇಳಿದ್ದಾನಂತೆ. ಎತ್ತರ ಇದ್ದವರು ಬೇಕಂತೆ ಅವರಿಗೆ ಎಂದು ನಕ್ಕ. ಅವನ ದೊಡ್ಡ ಮಗಳು ಸ್ಕೂಲಿಗೆ ಹೋಗಲ್ಲ ಎಂದು ಕೂತಿದ್ದಾಳಂತೆ. ನಿಮ್ಮಪ್ಪ ಒಬ್ಬರನ್ನು ಸಾಯಿಸಿದರಂತೆ ಎಂದು ಯಾವುದೋ ಮಗು ಕೇಳಿದೆ.

ಹೊರಡುವಾಗ ಬಾಗಿಲಲ್ಲಿ ನಿಂತ. ಬಾಗಿಲಿಗೆ ತಲೆ ತಗ್ಗಿಸಿಯೇ ನಿಲ್ಲಬೇಕು ಅವನು.

"ಒಂದು ಮಾತು ಭಾವ. ಬೇಜಾರು ಮಾಡ್ಕೋಬೇಡಿ. ಎಷ್ಟು ತಲೆ ಕೆರ್ಕೊಂಡ್ರೂ ನೀವು ಹೇಳಿದ್ದು ನನಗೆ ನೆನಪಾಗ್ತಿಲ್ಲ. ನನ್ನ ತಲೆಗೇ ಏನೋ ಆಗಿದೆಯಾ ಅಂತ ಭಯ. ಆದ್ರೆ ನೀವು ಹೇಳಿದೀರಿ ಅಂದ್ಮೇಲೆ ಹೇಳಿರ್ತೀರಿ, ಬಿಡಿ."

ಅವನು ಹೋದ ಮೇಲೆ ಉಪಕರಣದ ಗಂಟು ಬಿಚ್ಚಲಿಲ್ಲ.

ಅಕ್ಟೋಬರ್ ಹದಿನೆಂಟು. ಮಧ್ಯಾಹ್ನವೇ ಏಣಿಯ ಹೆಂಡತಿ ಫೋನು ಮಾಡಿದ್ದಳು, ಸಣ್ಣ ಮಗಳಿಗೆ ಜ್ವರ ಎಂದು. ನಾನೇ ಕಳಿಸಿದೆ. ಹೋಗೋ, ನಾನು ನೋಡ್ಕೋತೀನಿ ಅಂದೆ. ಮೇಲುಹಲಗೆಯನ್ನು ನಾನೂ ಕಂಡಕ್ಟರರೂ ಎತ್ತಿ ಕೂರಿಸಿದೆವು. ರಸಮಟ್ಟ ಇಟ್ಟಾಗ ಪಕ್ಕದಲ್ಲಿದ್ದವರು ಅವರು. ಬಾಂಡ್ಲಿಯನ್ನು ತೊಳೆದವರೂ ಅವರೇ, ಬೇಡ ಸಾರ್ ಎಂದರೂ ಕೇಳದೆ. ಚೀಲ ನಾಳೆ ಬಂದು ತೆಗೆದರಾಯಿತು ಎಂದುಕೊಂಡೆ. ಹತ್ತು ದಿನ ಕಳೆದ ಮೇಲೆ ನಾನೇ ಬಂದು ಮೊದಲ ಉರಿ ಹಾಕಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಬೇರೆ ಕೆಲಸ ಬಂತು. ಹೋಗಲಿಲ್ಲ.

ಏಣಿ ಅಲ್ಲಿರಲೇ ಇಲ್ಲ. ಮತ್ತೆ ಯಾರಿಗೆ ಹೇಳಿದ್ದೆ ನಾನು?

ಡಿಸೆಂಬರ್ 3, ಬುಧವಾರ

ಇಲಾಖೆಯ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಇಂಜಿನಿಯರ್ ಬಂದು, "ಏನು ಮೇಸ್ತ್ರಿ, ಇಷ್ಟು ಬೇಗ?" ಅಂದಳು.

ಈ ಪುಸ್ತಕವನ್ನೇ ಅವಳ ಕೈಗೆ ಕೊಟ್ಟೆ. ಬಾಯಿಯಿಂದ ಹೊರಡುವುದೆಂಬ ನಂಬಿಕೆ ನನಗಿರಲಿಲ್ಲ. ಅವಳು ನಿಂತೇ ಓದಿದಳು, ಆಮೇಲೆ ಕೂತು ಓದಿದಳು. ಕೆಲವು ಪುಟಗಳಿಗೆ ಹಿಂದಿರುಗಿ ಮತ್ತೆ ಓದಿದಳು.

"ನೀವು ಸುಮ್ಮನಿದ್ದಿದ್ರೆ ನಿಮ್ಮ ಮಟ್ಟಿಗೆ ಇದು ಮುಗಿದು ಹೋಗ್ತಿತ್ತು. ಗೊತ್ತಾ?"

"ಗೊತ್ತು ಮೇಡಂ."

"ಜೈಲೂ ಆಗ್ಬಹುದು."

"ಆಗ್ಲಿ."

"ಯಾಕೆ ಈಗ ಬಂದ್ರಿ?"

ಧೈರ್ಯ ಎಂದರೆ ಸುಳ್ಳು. ಏಣಿಯ ಬೆನ್ನ ಮೇಲಿನ ಮೂಟೆ ಕಣ್ಣಿಗೆ ಕಟ್ಟಿತ್ತು, ಅಷ್ಟೇ. ಬೇಕಾದ ಪುಟಗಳ ನಕಲು ತೆಗೆದುಕೊಂಡಳು. ಬೇರೆ ಹಾಳೆಯಲ್ಲಿ ನನ್ನ ಕೈಯಲ್ಲೇ ಎಲ್ಲ ಬರೆಸಿ ಸಹಿ ಹಾಕಿಸಿದಳು. ಎರಡು ಕಡೆ ಕಾಗುಣಿತ ತಪ್ಪಿತು, ತಿದ್ದಿದೆ.

ಎದೆ ಹಗುರವಾಗುತ್ತದೆ ಎನ್ನುತ್ತಾರೆ. ಆಗಲಿಲ್ಲ.

ಡಿಸೆಂಬರ್ 4, ಗುರುವಾರ

ಏಣಿಯನ್ನು ಕರೆಸಿ ಹೆಂಡತಿಯ ಎದುರಿಗೇ ಹೇಳಿದೆ. ಮುಗಿದ ಮೇಲೆ ಅವಳು ಎದ್ದು ಹೋಗಿ ಹಿತ್ತಲ ಬಾಗಿಲಲ್ಲಿ, ನನಗೆ ಬೆನ್ನು ಮಾಡಿ ನಿಂತಳು.

ಏಣಿ ಕೇಳಿದ: "ಅಂದ್ರೆ, ನನ್ನ ತಲೆ ಸರಿ ಇದೆ?"

"ಸರಿ ಇದೆ."

"ನೀವು ಹೇಳಿರಲಿಲ್ಲ."

"ಹೇಳಿರಲಿಲ್ಲ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಮಗುವಿನ ಹಾಗೆ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡು, "ನನ್ನ ಮಗಳಿಗೆ ಹೋಗಿ ಹೇಳ್ತೀನಿ" ಎಂದು ಎದ್ದ. ಉಪಕರಣದ ಗಂಟು ಮೂಲೆಯಲ್ಲೇ ಇತ್ತು. ತಗೊಂಡು ಹೋಗೋ ಅಂದೆ. ಅದರ ಕಡೆ ನೋಡಲೂ ಇಲ್ಲ. ಭಾವ ಎಂದೂ ಕರೆಯಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ.

ಹೆಂಡತಿ ಊಟಕ್ಕೆ ಬಡಿಸಿದಳು. ತಾನು ಒಳಗೆ ಕೂತು ಉಂಡಳು.

ಡಿಸೆಂಬರ್ 5, ಶುಕ್ರವಾರ

ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೇಳಬೇಕಿತ್ತು. ಹನ್ನೊಂದು ಗಂಟೆಗೆ ನರ್ಸಮ್ಮನ ಮನೆಗೆ ಹೋದೆ.

ಅಡುಗೆಮನೆಯ ಬಾಗಿಲ ಹೊರಗೇ ನಿಂತು ಹೇಳಿದೆ. ಒಳಗೆ ಬನ್ನಿ ಎಂದರೂ ಹೋಗಲಿಲ್ಲ. ಚೀಲ ಮರೆತದ್ದು ನಾನು. ಬಂದು ನೋಡುತ್ತೇನೆಂದು ಬಾರದವನು ನಾನು. ಕಂಡಕ್ಟರ್ ಅವತ್ತು ಕೇಳಿದ್ದು ನನ್ನನ್ನು, ಇದ್ದಿಲು ಹಾಕಿ ಎಂದವನು ನಾನು. ಕಲಿತುಕೊಂಡು ಹೋದ ಪಾಠದ ಹಾಗೆ ಒಂದೇ ಉಸಿರಿಗೆ ಒಪ್ಪಿಸಿದೆ. "ನಿಮ್ಮ ಮೇಲೆ ಹಾಕ್ಕೋಬೇಡಿ ಅಮ್ಮಾ" ಎಂದು ಕೊನೆಗೆ ಹೇಳಬೇಕೆಂದಿದ್ದೆ. ಅವರ ಮುಖ ನೋಡಿ ಹೇಳಲಿಲ್ಲ. ನನ್ನ ತಪ್ಪು ಹೇಳಿಕೊಂಡರೆ ಅವರದ್ದು ಇಳಿಯುತ್ತದೆ ಎಂದು ಯಾವ ಲೆಕ್ಕದಲ್ಲಿ ಅಂದುಕೊಂಡಿದ್ದೆನೋ. ಕಿಟಕಿ ಮುಚ್ಚಿದ ಕೈ ಅವರದ್ದೇ.

ಒಲೆಯ ಮೇಲೆ ಏನೋ ಕುದಿಯುತ್ತಿತ್ತು, ಎದ್ದು ಆರಿಸಿ ಬಂದರು.

"ಫೋನಲ್ಲಿ ಅವರು ಏನೇನಂದ್ರು? ಪೂರ್ತಿ ಹೇಳಿ."

"ಅಷ್ಟೇ ಅಮ್ಮಾ. ಹೊಗೆ ಬರ್ತಿದೆ ಅಂದ್ರು. ಇದ್ದಿಲು ಹಾಕಿ ಅಂದೆ."

"ಅಷ್ಟಕ್ಕೇ ಇಡೋರಲ್ಲ ಅವರು. ಮಾತು ಮುಗಿಸೋಕೇ ಬರ್ತಿರಲಿಲ್ಲ. ಮೇಸ್ತ್ರಿ, ನಾನು ಆವತ್ತು ಬಚ್ಚಲಲ್ಲಿದ್ದೆ, ಅವರು ಮಾತಾಡಿದ್ದು ಕೇಳಿಸ್ಲಿಲ್ಲ. ಕೊನೇಲಿ ಏನಂದ್ರು?"

ನನಗೆ ಗೊತ್ತಿತ್ತು. ಈ ಪುಸ್ತಕದಲ್ಲೂ ಅದನ್ನು ಬರೆದಿರಲಿಲ್ಲ, ಇಂಜಿನಿಯರಿಗೂ ಹೇಳಿರಲಿಲ್ಲ. ತನಿಖೆಗೆ ಅದು ಬೇಕಾಗಿರಲಿಲ್ಲ.

"ನೀವು ಮಧ್ಯಾಹ್ನ ಔಷಧಿ ತರೋಕೆ ಹೋಗ್ತೀರಿ ಅಂದ್ರು. ಮಳೇಲಿ ನೆನ್ಕೊಂಡು ಬರ್ತಾಳೆ, ಅವಳು ಬರೋಷ್ಟರಲ್ಲಿ ಕೋಣೆ ಬೆಚ್ಚಗಾಗುತ್ತಾ ಮೇಸ್ತ್ರಿ, ಅಂತ ಕೇಳಿದ್ರು."

"ನೀವೇನಂದ್ರಿ?"

"ಆಗುತ್ತೆ ಸಾರ್, ಆಗುತ್ತೆ ಅಂದೆ. ಅಂದು ಫೋನು ಇಟ್ಟೆ."

ಅವರು ತಲೆ ಆಡಿಸಿದರು. ನನ್ನನ್ನು ನೋಡಲಿಲ್ಲ. ಬೀಗ ಹಾಕಿದ ಮುಂದಿನ ಕೋಣೆಯ ಬಾಗಿಲು ನೋಡುತ್ತಿದ್ದರು.

"ಆಗಿತ್ತು" ಅಂದರು. "ನಾನು ಬಂದಾಗ ಬೆಚ್ಚಗೇ ಇತ್ತು. ಸೀರೆ ಪೂರ್ತಿ ಒದ್ದೆ. ಬಾಗಿಲು ತೆಗೆದ ಕೂಡ್ಲೇ, ಅಬ್ಬಾ, ಎಷ್ಟು ಹಿತವಾಗಿದೆ ರೀ, ಅಂದೆ."

ಆಮೇಲೆ, "ಇನ್ನು ಬರಬೇಡಿ ಮೇಸ್ತ್ರಿ" ಎಂದು ಮೆಲ್ಲಗೆ ಹೇಳಿ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಬೀಳುವ ಸದ್ದು ಕೇಳುವವರೆಗೂ ನಿಂತಿದ್ದೆ. ಬಿತ್ತು. ಮನೆಗೆ ಬಂದೆ.